ಕೋಟು ಮಾವನ ಒಲೆ

ಬಿಸಿಲಿನಲ್ಲಿ ಮಳೆಕೋಟು ತೊಟ್ಟು, ಮಳೆ ಬಂದಾಗ ಅದನ್ನು ಕಳಚುವ ಮನುಷ್ಯನಿಗೆ ಈ ಸುದ್ದಿ ಮುಟ್ಟಿಸುವುದು ಹೇಗೆಂಬ ಚಿಂತೆ ಬೆಳಗಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ತಾರಸಿಯ ಮೂಲೆಯ ಗ್ರಿಲ್ ಒಲೆಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಒಳಗೆಲ್ಲ ಬೆವರಿನಂಥ ಹನಿ, ಕಂಬಿಗಳ ಮೇಲೆ ಇಟ್ಟಿಗೆಬಣ್ಣದ ತುಕ್ಕು. ಮಳೆಗಾಲಕ್ಕೆ ಮುನ್ನ ಗಾಳಿಯೂ ನುಸುಳದಂತೆ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದವಳು ಅವಳೇ.

ಒಲೆ ಸೋದರಮಾವನದು; ಮನೆಮಂದಿಗೆಲ್ಲ ಅವರು ಕೋಟು ಮಾವ. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಯಾರಿಗೋ ದಾರಿ ಬಿಡುವವರಂತೆ ಒಂದು ಹೆಗಲು ತಗ್ಗಿಸಿ, ಗೋಡೆ ಸವರಿಕೊಂಡು ನಡೆಯುವ ಸಂಕೋಚದ ಜೀವ. ಅವಳ ಬಾಲ್ಯದ ಭಾನುವಾರಗಳಲ್ಲಿ ಅವರ ಹಿತ್ತಿಲೆಂದರೆ ಜೋಳದ ತೆನೆ ಸುಡುವ ಪರಿಮಳ. ಮೋಡ ಒಡೆದು ಎಲ್ಲರೂ ತಟ್ಟೆ ಹಿಡಿದು ಒಳಗೋಡಿದರೆ, ಮಾವ ಮಾತ್ರ ಆ ಬೂದುಬಣ್ಣದ ಕೋಟನ್ನು ಕೆಂಡದ ಮೇಲೆ ಕೊಡೆಯಂತೆ ಚಾಚಿ ತೊಯ್ದು ತೊಪ್ಪೆಯಾಗಿ ನಿಂತಿರುತ್ತಿದ್ದರು.

"ಮದುವೆಯಾದಾಗಿಂದ ನನಗೆ ಒಂದಿನ ಹೀಗೆ ಕೊಡೆ ಹಿಡಿದವರಲ್ಲ," ಎನ್ನುತ್ತಿದ್ದಳು ಅತ್ತೆ.

"ನಿನಗೆ ತುಕ್ಕು ಹಿಡಿಯಲ್ವಲ್ಲೇ."

ಆಮೇಲಿನದು ಒಂದು ಉಪಚಾರ. ಬೂದಿ ನೀರು ಹೀರುತ್ತದೆಂದು ಕೊನೆಯ ಚಿಟಿಕೆಯವರೆಗೂ ಕೆರೆದು ತೆಗೆದು, ಕಂಬಿಗಳು ಬೆಚ್ಚಗಿರುವಾಗಲೇ ಎಣ್ಣೆ ಸವರಿ, ಪೂರ್ತಿ ಆರಿದ ಮೇಲಷ್ಟೇ ಟಾರ್ಪಾಲು ಹೊದಿಸುವುದು. ಅದರ ಅಂಚನ್ನೂ ನೆಲ ಮುಟ್ಟದಂತೆ ಎತ್ತಿ ಕಟ್ಟುವುದು. "ಉಸಿರಾಡಕ್ಕೆ ಬಿಡ್ಬೇಕು, ಪುಟ್ಟಿ." ಆ ಒಂದು ಮಾತನ್ನೇ ಅವಳು ಮರೆತಿದ್ದಳು. ಸೆಕೆಯಲ್ಲೂ ಕೂಸಿಗೆ ಎರಡು ಸ್ವೆಟರ್ ತೊಡಿಸಿ, ಮೈತುಂಬ ಬೆವರುಸಾಲೆ ಎಬ್ಬಿಸಿ ಡಾಕ್ಟರಿಂದ ಬೈಸಿಕೊಂಡ ತಾಯಿ ಅವಳು, ಒಲೆಯನ್ನು ಬಿಟ್ಟಾಳೆಯೇ?

ಹಿತ್ತಿಲಿಲ್ಲದ ಮೂರನೇ ಮಹಡಿಗೆ ಮನೆ ಬದಲಿಸಿದಾಗ ಮಾವ ಒಲೆಯನ್ನು ಇವಳಿಗೆ ಒಪ್ಪಿಸಿದ್ದರು. ಕೆಲಸವಿಲ್ಲದೆ ಯಾರ ಹೊಸ್ತಿಲನ್ನೂ ತುಳಿಯದ ಮನುಷ್ಯ, ಆಮೇಲೆ "ಒಲೆ ನೋಡ್ಕೊಂಡು ಹೋಗೋಣ ಅಂತ" ಬಂದು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕೂತುಬಿಡುತ್ತಿದ್ದರು. ಮಳೆ ಹಿಡಿದ ಮೇಲೆ ಆ ನೆಪವೂ ನಿಂತಿತ್ತು. "ಹೊಸದು ತಂದರಾಯ್ತಪ್ಪ, ಅವರಿಗೆ ಯಾಕೆ ಹೇಳ್ತೀಯ?" ಎಂದ ಗಂಡ. ಹೊಸದಕ್ಕೆ ಮಾವ ಯಾಕೆ ಬಂದಾರು? ಹಳೆಯದು ಹಾಳಾಯಿತೆಂದು ನೊಂದುಕೊಂಡರೆ ಇನ್ನು ಬಂದಾರೆಯೇ?

ಕೊನೆಗೆ ಫೋನು ತಿರುಗಿಸಿದಳು. "ಮಾವ, ನಿಮ್ಮ ಒಲೆ ತುಕ್ಕು ಹಿಡಿದುಬಿಟ್ಟಿದೆ. ನಾನೇ ಬಿಗಿದು ಕಟ್ಟಿಬಿಟ್ಟೆ."

ಆ ತುದಿಯಲ್ಲಿ ಸರಸರನೆ ಕೋಟು ತೊಡುವ ಸದ್ದು. "ತಂತಿ ಬ್ರಷ್ ನಿನ್ನ ಹತ್ರ ಇರಲ್ಲ. ಏನೂ ಮುಟ್ಬೇಡ, ಬಂದೆ."

ಹೊರಗೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ನೆಂಟರಾಗಿ ಬರಲು ನಾಚಿ ರಿಪೇರಿಯವರಾಗಿ ಬಾಗಿಲು ತಟ್ಟುವ ಇಂಥ ಜೀವ ಪ್ರತಿ ಬಳಗದಲ್ಲೂ ಒಂದಾದರೂ ಇರುತ್ತದೆ. ಮನೆಯಲ್ಲಿ ಎಲ್ಲವೂ ಸರಿಯಾಗಿಯೇ ಇದ್ದುಬಿಟ್ಟರೆ, ಪಾಪ, ಅವರು ಬಂದು ಕೂರುವುದಾದರೂ ಎಲ್ಲಿ?