ಹನ್ನೊಂದನೆಯ ಎಲೆ

ಪುಟ್ಟರಾಜುವಿನ ಫುಟ್‌ಬಾಲ್ ತಂಡಕ್ಕೆ ಎರಡನೆಯ ಗೋಲ್‌ಕೀಪರ್ ಇರಲಿಲ್ಲ. ಇದ್ದದ್ದು ಹನ್ನೊಂದೇ ಜನ, ಹನ್ನೊಂದೇ ಬನಿಯನ್ನು. ನಡುಮನೆಯಲ್ಲಿ ಊಟದ ಎಲೆ ಹಾಕುತ್ತಿದ್ದ ಅವನ ತಾಯಿ ಸುಬ್ಬಮ್ಮ ಮಾತ್ರ ಹತ್ತಕ್ಕೆ ನಿಲ್ಲಿಸಿದರು. ಹನ್ನೊಂದನೆಯ ಎಲೆಯನ್ನು ಮನೆಯಾಳು ಗಾಡಿಯ ಕೊಟ್ಟಿಗೆಗೆ ಒಯ್ದ. ಕೇರಿಯ ಮಂಚಯ್ಯ ಆಗಲೇ ಅಲ್ಲಿ ನೊಗದ ಪಕ್ಕ ಕೂತಿದ್ದ.

"ಅವ್ವ, ಅವ್ನು ನಮ್ ಗೋಲ್‌ಕೀಪರ್ ಕಣವ್ವ. ಅವ್ನು ಬಾಲ್ ಇಡ್ಕೊಳ್ದೆ ಇದ್ದಿದ್ರೆ..."

"ಇಡ್ಕೊಳ್ಳಿ, ಯಾರು ಬ್ಯಾಡಂದ್ರು? ಇದು ಮೈದಾನ ಅಲ್ಲ ಕಣಪ್ಪ, ಮನೆ."

ಪುಟ್ಟರಾಜು ತಂದೆಯ ಕಡೆ ನೋಡಿದ. ಬನಿಯನ್ನು, ಚೆಂಡು ಕೊಡಿಸಿದ್ದ ಪಟೇಲ್ ರಾಮಣ್ಣ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಅವನು ಮಾತು ಅಲ್ಲಿಗೇ ಬಿಟ್ಟ.

೧೯೫೯ರ ಆ ವರ್ಷವೇ ಬಾಗೂರು ಯುವಕರ ಸಂಘ ಎರಡನೇ ಡಿವಿಜನ್ ಸೇರಿತ್ತು. ಎಂಟು ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಹೊಳೆನರಸೀಪುರದವರ ಪೆನಾಲ್ಟಿಯನ್ನು ಮಂಚಯ್ಯ ಎದೆ ಕೊಟ್ಟು ತಡೆದ ದಿನ ಹತ್ತೂ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ನಾಳೆ ಹಾಸನದಲ್ಲಿ ಕೊನೆಯ ಪಂದ್ಯ. ಸಮನಾದರೂ ಸಾಕು, ಮೊದಲನೇ ಡಿವಿಜನ್.

ಊಟದ ನಡುವೆ ಪುಟ್ಟರಾಜು ತಾನೇ ಹೋಳಿಗೆ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋದ. ಒಳಗಿನವರಿಗೆ ಎರಡೆರಡು ಬಿದ್ದಿದ್ದವು. ಮಂಚಯ್ಯನಿಗೆ ನಾಲ್ಕು ಬಡಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದ. ಬಗ್ಗದೆ ಮೇಲಿನಿಂದಲೇ ಬಿಟ್ಟ. ಕೈ ತಾನಾಗಿ ಅಷ್ಟೆತ್ತರದಲ್ಲಿ ನಿಂತಿತ್ತು. ಒಂದು ಹೋಳಿಗೆ ಎಲೆಯ ಅಂಚಿಗೆ ಬಿದ್ದು ಮಣ್ಣಿಗೆ ಜಾರಿತು.

ಒಳಗಿನಿಂದ ತಂಡದ ಕೃಷ್ಣಪ್ಪ ಕೂಗಿದ: "ಲೇ ಮಂಚ, ನಿಂಗೆ ಡಬ್ಬಲ್ ಕಣ್ಲಾ! ನಾಳೀಕೆ ಒಟ್ಟೆ ಒತ್ಕೊಂಡು ಎಂಗ್ಲಾ ಎಗರೀಯ?"

ಎಲ್ಲರೂ ನಕ್ಕರು. ಮಂಚಯ್ಯನೂ ನಕ್ಕ. "ಸಾಕು ಬುದ್ಧಿ," ಎಂದ. ಮೈದಾನದಲ್ಲಿ ಅವನು ಪುಟ್ಟರಾಜುವನ್ನು ಅಣ್ಣ ಎನ್ನುತ್ತಿದ್ದ. ಉಂಡು, ಎಲೆ ತಾನೇ ಎತ್ತಿ, ಕೂತ ಜಾಗಕ್ಕೆ ಸಗಣಿ ನೀರು ಹಾಕಿ ಹೋದ.

ಮರುದಿನ ಹಾಸನಕ್ಕೆ ಎಲ್ಲರ ಜೊತೆ ಅದೇ ಬಸ್ಸಿನಲ್ಲಿ ಬಂದ. ಆದರೆ ಬನಿಯನ್ನು ತೊಡಲಿಲ್ಲ. ಗೋಲಿನ ಹಿಂದೆ, ಸುಣ್ಣದ ಗೆರೆಯಾಚೆ ನಿಂತ.

"ಟೈಮಾಯ್ತು, ಒಳೀಕ್ ಬಾರ್ಲಾ," ಎಂದ ಪುಟ್ಟರಾಜು.

"ಇಲ್ಲೇ ಇರ್ತೀನಿ ಬುದ್ಧಿ."

"ಆಟ ಆಡ್ಬೇಡ ಕಣ್ಲಾ, ಇವತ್ತೊಂದಿನ..."

"ನನ್ನೆಲೆ ಒರಗಡೆ ಇತ್ತಲ್ಲ."

ತಪ್ಪಾಯ್ತು ಎನ್ನುವ ಮಾತು ಪುಟ್ಟರಾಜುವಿನ ಬಾಯಿಯವರೆಗೆ ಬಂತು. ಉಳಿದ ಒಂಬತ್ತು ಜನ ನೋಡುತ್ತಿದ್ದರು. "ನಿನ್ನಿಷ್ಟ," ಎಂದ. ರೆಫರಿ ಸೀಟಿ ಊದಿದ.

ಗೋಲಿಗೆ ಕೃಷ್ಣಪ್ಪ ನಿಂತ. ಬಲೆ ಇರಲಿಲ್ಲ, ಅವನ ಕೈ ತಪ್ಪಿದ ಚೆಂಡು ನೇರ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿ ಮಂಚಯ್ಯ ಎರಡೂ ಕೈಯಲ್ಲಿ ಹಿಡಿದು, ಗೆರೆಯೊಳಕ್ಕೆ ಉರುಳಿಸುತ್ತಿದ್ದ. ಆರು ಸಲ ಹಾಗಾಯಿತು. ಆರೂ ಸಲ ಅವನ ಕೈ ತಪ್ಪಲಿಲ್ಲ.

ಎರಡು ದಿನದ ಮೇಲೆ ಒಗೆದು ಮಡಿಸಿದ ಮಂಚಯ್ಯನ ಬನಿಯನ್ನು ಪಟೇಲರ ಮನೆಯ ಹೊರಗಿನ ಕಲ್ಲಿನ ಮೇಲೆ ಇತ್ತು. ಅದನ್ನು ಯಾರೂ ಒಳಗೆ ತರಲಿಲ್ಲ. ಪುಟ್ಟರಾಜು ಕೂಡ ಎರಡು ಸಲ ಅದರ ಪಕ್ಕದಲ್ಲೇ ಹಾದುಹೋದ. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕೆಂಪು ಬಣ್ಣ ಕಲ್ಲಿಗೆ ಇಳಿದಿತ್ತು.

ಪುಟ್ಟರಾಜು ಮತ್ತೆ ಚೆಂಡಿಗೆ ಗಾಳಿ ತುಂಬಲಿಲ್ಲ. ಮರುವರ್ಷದ ಪಟ್ಟಿಯಲ್ಲಿ ಸಂಘದ ಹೆಸರಿರಲಿಲ್ಲ. ಆಡಿದ್ದು ಒಂಬತ್ತು ಪಂದ್ಯ. ಸೋತದ್ದು ಒಂದು.