ಒಳಗೆ ಬಿಟ್ಟ ಬಟ್ಟೆ

ತೀರಿಹೋದವನ ಎರಡನೇ ಕೈಯನ್ನೂ ಕೋಟಿನ ತೋಳಿಗೆ ತೂರಿಸಿ, ಬೆನ್ನಡಿಯಿಂದ ಬಟ್ಟೆ ಎಳೆದು, ಎದೆಯ ಮೇಲೆ ಗುಂಡಿ ಹಾಕಲು ಹೋದ ಅವನ ಭಾವನ ಕೈ ಅಲ್ಲೇ ನಿಂತಿತು. ಕೋಟಿನ ಒಂದು ಮಗ್ಗುಲನ್ನು ಇನ್ನೊಂದರ ಮೇಲೆ ತಂದರೆ ಅದು ಎದೆ ದಾಟಿ ಕಂಕುಳಿನವರೆಗೂ ಹೋಗುತ್ತಿತ್ತು. ಭುಜದ ಹೊಲಿಗೆ ತೋಳಿನ ಮೇಲೆ ಜೋತುಬಿದ್ದಿತ್ತು.

"ಯಾರ ಕೋಟಮ್ಮ ಕೊಟ್ಟೆ?" ಎಂದರು ತಲೆ ಎತ್ತದೆ. "ಯಾವುದೋ ಗಿರಾಕಿದು ಬಂದಿದೆ ನೋಡು. ಇವನದ್ದು ತಾ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಒಳಗೆ ಬಂದಳು. ಬೀರುವಿನಲ್ಲಿದ್ದದ್ದು ಅದೊಂದೇ ಕೋಟು. ಮಗಳ ಮದುವೆಗೆಂದು ಅವನೇ ಹೊಲಿದುಕೊಂಡದ್ದು. ಗುಂಡಿ ಹಚ್ಚಿದವಳು ಅವಳೇ. ಆ ಒಂದು ದಿನ ಹಾಕಿ ಬಿಚ್ಚಿಟ್ಟಮೇಲೆ ಮತ್ತೆ ಹೊರಗೆ ಬಂದಿರಲಿಲ್ಲ.

"ಅವರದ್ದೇ ಅಣ್ಣಾ."

ಕೋಣೆಯಲ್ಲಿದ್ದವರು ಕೋಟನ್ನು ನೋಡಿದರು, ಅದರೊಳಗೆ ಮಲಗಿದ್ದವನನ್ನು ನೋಡಿದರು. ಅಪ್ಪನ ಬಟ್ಟೆ ತೊಟ್ಟು ನಿದ್ದೆಹೋದ ಹುಡುಗನ ಹಾಗಿದ್ದ.

ನಿನ್ನೆ ಬೆಳಿಗ್ಗೆ ಹೊಲಿಯುತ್ತಿದ್ದವನು ಮಿಷನ್ನಿನ ಮೇಲೆ ತಲೆಯಿಟ್ಟಿದ್ದ, ಎತ್ತಲಿಲ್ಲ. ಹೊಟ್ಟೆಯೊಳಗೆ ಬಹಳ ದಿನದ ಹುಣ್ಣು ಒಡೆದಿದೆ ಎಂದು ಆಸ್ಪತ್ರೆಯವರು ಹೇಳಿದಾಗ, ಬೇರೆ ಯಾರದೋ ಸುದ್ದಿ ತನಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದಳು. ಬೀದಿಯವರೂ ಹಾಗೇ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಹಿಂದಿನ ದಿನ ತಮ್ಮ ಅಳತೆ ತೆಗೆದುಕೊಂಡವನು ಹೀಗೆ ಹೋಗುವುದುಂಟೆ?

ಈ ಕೋಟು ಮಾತ್ರ ಬೇರೆಯೇ ಹೇಳುತ್ತಿತ್ತು. ಇದು ಒಂದು ದಿನದಲ್ಲಿ ಕರಗಿದ ಮೈಯಲ್ಲ.

ಗಂಡನ ಅಕ್ಕ ಮೂಲೆಯಿಂದ ಎದ್ದು ಬಂದಳು. "ನೀನು ಒಂದೇ ಸೂರಿನ ಕೆಳಗಿದ್ದೆ. ನನ್ನ ತಮ್ಮ ಕಡ್ಡಿ ಆಗಿದ್ದು ನಿನ್ನ ಕಣ್ಣಿಗೆ ಬೀಳಲೇ ಇಲ್ವೇನೇ?"

ಅದೇ ಪ್ರಶ್ನೆಯನ್ನು ಹೆಂಡತಿಯೂ ತನಗೆ ಕೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ತುಂಬು ಬಸುರಿ ಮಗಳು ಗೋಡೆ ಹಿಡಿದುಕೊಂಡು ಹೇಳಿದಳು: "ಅಪ್ಪನ ಅಂಗಿ ಯಾವತ್ತೂ ದೊಗಳೆ ಆಗಿರ್ಲಿಲ್ಲ ಅತ್ತೆ. ಮೈಗೆ ಸರಿಯಾಗೇ ಕೂರ್ತಿತ್ತು."

ಹೆಂಡತಿ ಬಾಗಿಲ ಹಿಂದಿನ ಮೊಳೆಯಿಂದ ಅವನ ದಿನನಿತ್ಯದ ಅಂಗಿ ತೆಗೆದು ಒಳಮೈ ಹೊರಗೆ ಮಾಡಿದಳು. ಪಕ್ಕದ ಹೊಲಿಗೆಯ ಹಿಂದೆ ಇನ್ನೊಂದು ಹೊಲಿಗೆ, ಅದರ ಹಿಂದೆ ಮತ್ತೊಂದು. ಬಾವಿಯ ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಒಳಗೆ. ಹೆಚ್ಚಿನ ಬಟ್ಟೆ ಕತ್ತರಿಸದೆ ಮಡಚಿ ಅಂಟಿಸಿದಂತೆ ಹೊಲಿದಿತ್ತು. ಆ ಕೈಕೆಲಸ ಅವಳಿಗೆ ಗೊತ್ತಿತ್ತು.

*

ಮಗಳ ಮದುವೆ ಮುಗಿದ ಬೆನ್ನಲ್ಲೇ ಹೆಂಡತಿ ಹಾಸಿಗೆ ಹಿಡಿದಿದ್ದಳು. ಆಪರೇಷನ್ನಿಗೆಂದು ಅವನು ಬಟ್ಟೆ ಅಂಗಡಿ ಯಜಮಾನರ ಹತ್ತಿರ ಸಾಲ ತಂದ. ಅವರ ಅಂಗಡಿಯ ಶಾಲಾ ಸಮವಸ್ತ್ರ ಹೊಲಿದು ತೀರಿಸುವುದೆಂದು ಮಾತಾಯಿತು. ಆ ತಿಂಗಳುಗಳಲ್ಲಿ ನೋಡಲು ಬಂದವರೆಲ್ಲ ಅಯ್ಯೋ ಎನ್ನುತ್ತಿದ್ದರೆ ಅವಳು ಮಾತ್ರ, ತಾನು ಅಷ್ಟೇನೂ ಇಳಿದಿಲ್ಲ, ಬಟ್ಟೆ ಮೊದಲಿನ ಹಾಗೇ ಕೂರುತ್ತಿದೆ ಎಂದು ವಾದಿಸುತ್ತಿದ್ದಳು. ಚೇತರಿಸಿಕೊಂಡಮೇಲೆ ಒಂದು ದಿನ ತನ್ನ ರವಿಕೆಯ ಒಳಗಡೆ ಸಾಲುಸಾಲು ಸೂಜಿತೂತು ಕಂಡು ಅವನ ಮುಂದೆ ಹಿಡಿದಿದ್ದಳು.

"ಮೋಸಗಾರ ಕಣ್ರೀ ನೀವು."

"ಕನ್ನಡಿ ಹೆದರಿಸುತ್ತೆ. ಬಟ್ಟೆ ಆದ್ರೂ ಧೈರ್ಯ ಹೇಳ್ಲಿ ಅಂತ," ಎಂದು ಅವನು ದಾರ ಹಲ್ಲಿನಲ್ಲಿ ಕಡಿದ. "ಕತ್ತರಿ ಹಾಕಿಲ್ಲ, ನೋಡು. ಎಲ್ಲ ಒಳಗೇ ಬಿಟ್ಟಿದೀನಿ. ನೀನು ಮೈ ತುಂಬ್ಕೊಂಡ ಹಾಗೆ ಒಂದೊಂದೇ ಬಿಚ್ತಾ ಬರ್ತೀನಿ."

ಹಾಗೇ ಬಿಚ್ಚುತ್ತ ಬಂದ. ಬೀದಿಯಲ್ಲಿ ಅವನನ್ನು 'ಒಂದಿಂಚು' ಎಂದೇ ಕರೆಯುತ್ತಿದ್ದರು. ಬೇರೆ ದರ್ಜಿಗಳು ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಬಿಡುವಲ್ಲಿ ಇವನು ಗಿರಾಕಿ ದಪ್ಪವಾಗಲಿ ಎಂದು ಹಾರೈಸುವವನ ಹಾಗೆ ಪೂರ್ತಿ ಒಂದಿಂಚು ಬಿಡುತ್ತಿದ್ದ.

*

ಅಂದು ಅವಳ ಬಟ್ಟೆಯ ಮೇಲೆ ಆಡಿದ ಆಟವನ್ನೇ ಅವನು ಮತ್ತೆ ತನ್ನ ಅಂಗಿಯ ಮೇಲೆ, ಅವಳೆದುರೇ ಆಡಿದ್ದ; ಈ ಸಲವೂ ಅವಳು ಸೋತಿದ್ದಳು. ಈಗ ಎಲ್ಲ ಒಂದೊಂದಾಗಿ ಜೋಡಿಸಿಕೊಂಡವು. ಗಡ್ಡ ಬಿಟ್ಟಿದ್ದ, ಕೇಳಿದರೆ, ಸಾಲ ತೀರುವವರೆಗೂ ಬ್ಲೇಡಿನ ಖರ್ಚಾದರೂ ಉಳಿಯಲಿ ಎಂದಿದ್ದ. ಅವಸರದ ಕೆಲಸವೆಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಮಲಗುತ್ತಿದ್ದ. ಅಳಿಯನ ಕೆಲಸ ಹೋಗಿ ಮಗಳು ಮನೆಗೆ ಬಂದಮೇಲೆ, ನಿನ್ನದು ಎರಡು ಜೀವ ಎಂದು ತನ್ನ ತಟ್ಟೆಯದನ್ನೆಲ್ಲ ಅವಳ ತಟ್ಟೆಗೆ ಸುರಿಯುತ್ತಿದ್ದ. ಮುದ್ದು ಜಾಸ್ತಿಯಾಯಿತೆಂದು ತಾಯಿ ಮಗಳಿಬ್ಬರೂ ನಕ್ಕಿದ್ದರು. ಆ ಹೊಟ್ಟೆ ಅನ್ನ ಒಲ್ಲದಾಗಿತ್ತೆಂದು ಯಾರಿಗೆ ಗೊತ್ತು?

ಹೊಸ್ತಿಲ ಹೊರಗೆ ನಿಂತಿದ್ದ ಬಟ್ಟೆ ಅಂಗಡಿ ಯಜಮಾನರು ಗಂಟಲು ಸರಿಮಾಡಿಕೊಂಡರು. "ಇದನ್ನ ಹೇಳ್ಬೇಕೋ ಬೇಡವೋ ತಂಗಿ. ಸಾಲ ಮೊನ್ನೆಗೆ ತೀರಿತು. ಸಮವಸ್ತ್ರದ ಕೊನೇ ಗಂಟು ಇಳಿಸಿ ಅಂದ, 'ಎಲ್ಲರ ಬಟ್ಟೆ ಆಯ್ತು ಯಜಮಾನ್ರೇ, ನಾಳಿದ್ದು ನನ್ನನ್ನೇ ರಿಪೇರಿಗೆ ಕೊಡ್ತೀನಿ' ಅಂತ." ಅವರ ದನಿ ಸಣ್ಣದಾಯಿತು. "ನಾನು ನಕ್ಕುಬಿಟ್ಟೆ. ಅವನು ತಮಾಷೆ ಮಾಡೋನೇ ಅಲ್ವಾ."

ಅಕ್ಕ ತಮ್ಮನ ತಲೆಯ ಪಕ್ಕ ಹೋಗಿ ಕೂತಳು.

ಹೊರಗೆ ವ್ಯಾನು ಬಂದು ನಿಂತಿತು. ಬೆನ್ನ ಕೆಳಗೆ ಕೋಟನ್ನು ಒತ್ತಿ ಎರಡು ಪಿನ್ನು ಹಾಕಿದರೆ ಸಾಕು, ಮಲಗಿದ ಮನುಷ್ಯನ ಬೆನ್ನು ಯಾರಿಗೂ ಕಾಣುವುದಿಲ್ಲ ಎಂದರು ಭಾವ.

"ಬಿಚ್ಚಿ ಕೊಡಿ ಅಣ್ಣಾ," ಎಂದಳು ಹೆಂಡತಿ.

ಅವನ ಕೊರಳಿಗೆ ಸದಾ ಇರುತ್ತಿದ್ದ ಅಳತೆಪಟ್ಟಿ ಮೊಳೆಯಲ್ಲಿತ್ತು. ಅದನ್ನು ಅವನ ಎದೆಗೆ ಸುತ್ತಿ, ಸಿಕ್ಕ ಅಳತೆಯನ್ನು ನಂಬಲಾರದೆ ಇನ್ನೊಮ್ಮೆ ಸುತ್ತಿದಳು. ಮಿಷನ್ನಿನ ಸೂಜಿಯ ಕೆಳಗೆ ಅವನದೇ ಇನ್ನೊಂದು ಅಂಗಿ ಅರ್ಧಕ್ಕೆ ನಿಂತಿತ್ತು. ಸೀಮೆಸುಣ್ಣದ ಹೊಸ ಗೆರೆ ಹಳೆಯ ಹೊಲಿಗೆಗಿಂತ ಒಳಗೆ ಎಳೆದಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟು, ಕೋಟನ್ನು ತಿರುವಿ, ಅವನ ಸ್ಟೂಲಿನ ಮೇಲೆ ಕೂತಳು.

ಮಿಷನ್ ಶಬ್ದ ಕೇಳಿದ್ದೇ ಬೀದಿಯಲ್ಲಿದ್ದವರು ಕಿಟಕಿಗೆ ಬಂದು ಇಣುಕಿದರು. ವ್ಯಾನಿನ ಡ್ರೈವರು ಕೆಳಗಿಳಿದು ಬಾಗಿಲ ಕಡೆ ನೋಡಿದ.

ಎರಡು ಮಗ್ಗುಲೂ ಹೊಲಿದಾದಮೇಲೆ ಅಕ್ಕ ಎದ್ದು ಬಂದು ದೊಡ್ಡ ಕತ್ತರಿ ಮುಂದೆ ಹಿಡಿದಳು. "ಹೆಚ್ಚಿನದು ತೆಗೆದುಬಿಡಮ್ಮಾ. ಒಳಗೆ ಗಂಟುಗಂಟಾಗಿ ಒತ್ತುತ್ತೆ."

ಹೆಂಡತಿ ಬೇಡವೆಂದು ತಲೆಯಾಡಿಸಿದಳು. ಕತ್ತರಿಯನ್ನು ತೆಗೆದುಕೊಳ್ಳಲಿಲ್ಲ. ಉಳಿದ ಬಟ್ಟೆಯನ್ನು ಒಳಗೇ ನೀಟಾಗಿ ಮಡಚಿ, ಕೈಸೂಜಿಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತ ಹೋದಳು, ಅವನು ಮೈ ತುಂಬಿಕೊಂಡಾಗ ಎಳೆದರೆ ಸರಕ್ಕನೆ ಬಿಚ್ಚಿಬರುವಂಥದ್ದು. ಕೊನೆಗೆ ಬಂದಾಗ ದಾರ ಕಡಿದಳು. ತುದಿಗೆ ಗಂಟು ಹಾಕಲಿಲ್ಲ.