ಅತ್ತೆಯ ಗೊರಕೆ

ಶೇರುಪೇಟೆಯಲ್ಲಿ ಅತ್ತೆಗೆ ಇದ್ದದ್ದು ಒಂದೇ ಸೂತ್ರ. ಸೂಚ್ಯಂಕ ಈ ವಾರ ಇಷ್ಟಕ್ಕಿಂತ ಮೇಲೇರುವುದಿಲ್ಲ, ಇಷ್ಟಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ಎರಡೂ ಕಡೆ ಆಪ್ಷನ್, ಅಂದರೆ ಪೇಟೆ ಗಡಿ ದಾಟಿದರೆ ಕೊಂಡವರಿಗೆ ದುಡ್ಡು ಕೊಡುವ ವಿಮೆಯಂಥ ಕರಾರು, ಮಾರಿ, ಊಟ ಮಾಡಿ ಮಲಗಿಬಿಡುವುದು. ದಿನ ಕಳೆದಂತೆ ಆಪ್ಷನ್ನಿನ ಬೆಲೆ ಕರಗುತ್ತದೆ, ಕರಗಿದ್ದು ಅವರ ಪಾಲು. ಪೇಟೆ ಗಡಿ ದಾಟಿತೋ, ಕೈಯಿಂದ ಕಟ್ಟಬೇಕು. ಆದರೆ ಬಹಳ ಕಾಲದಿಂದ ಅದು ದಾಟಿರಲಿಲ್ಲ. ಬಾಗಿಲಾಚೆ ಗೊರಕೆ ಕೇಳಿಸಿದರೆ ಮನೆಯವರೆಲ್ಲ ನಿರಾಳ. ಈ ವಾರವಂತೂ ಗೊರಕೆ ಗೋಡೆ ಅಲ್ಲಾಡುವಷ್ಟು ಜೋರಾಗಿತ್ತು.

ನನಗೂ ಕಲಿಸಿ ಎಂದು ತಿಂಗಳುಗಟ್ಟಲೆ ಬೆನ್ನುಬಿದ್ದ ಸೊಸೆಗೆ ಅತ್ತೆ ಮೊನ್ನೆ ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟಿದ್ದರು. "ನೋಡ್ತಾ ಕೂತಿರು. ನನ್ನ ಕೇಳದೆ ಏನಾದ್ರೂ ಒತ್ತಿದ್ಯೋ, ಈ ಕುರ್ಚಿ ಆಸೆ ಬಿಟ್ಟುಬಿಡು."

ಇವತ್ತು ಸೊಸೆಗೊಂದು ವಿಚಿತ್ರ ಕಂಡಿತು. ಸೂಚ್ಯಂಕ ಬೆಳಿಗ್ಗೆ ಇದ್ದಲ್ಲೇ ಇದೆ. ಅತ್ತೆ ಮಾರಿದ ಆಪ್ಷನ್ನುಗಳು ಮಾತ್ರ ಕರಗುವ ಬದಲು ದುಬಾರಿಯಾಗುತ್ತಿವೆ, ಅದೂ ಎರಡೂ ಕಡೆಯವು! ಇದೆಂಥದ್ದು? ಹಳೆಯ ವಾರಗಳ ಬೆಲೆ ತೆಗೆದು ನೋಡಿದಳು. ಇಷ್ಟು ಹೊತ್ತಿಗೆ ಅವು ಪುಡಿಗಾಸಿಗೆ ಇಳಿದಿರುತ್ತಿದ್ದವು. ಹಾಗಾದರೆ ಪೇಟೆ ಅಲ್ಲಾಡುವ ಮೊದಲೇ ಜನ ಹೆದರಿದ್ದಾರೆ, ಕೇಳಿದಷ್ಟು ಕೊಟ್ಟು ರಕ್ಷಣೆ ಕೊಳ್ಳುತ್ತಿದ್ದಾರೆ. ಭಯಕ್ಕೂ ಬೆಲೆಯಿದೆ ಎಂದು ಅವಳಿಗೆ ಹೊಳೆಯಿತು.

ಎಬ್ಬಿಸಿ ಕೇಳಿದರೆ "ಬೇಡ" ಎನ್ನುವುದು ಖಂಡಿತ. ಕುರ್ಚಿ ಹೋದರೆ ಹೋಗಲಿ ಎಂದುಕೊಂಡಳು. ಮಾರಿದ್ದನ್ನೆಲ್ಲ ನಷ್ಟಕ್ಕೇ ವಾಪಸ್ ಕೊಂಡಳು. ಇನ್ನೂ ದೂರದ ಗಡಿಯಲ್ಲಿ ಅರ್ಧದಷ್ಟೇ ಮಾರಿ, ಅದರಾಚೆ ತಾನೂ ಅಷ್ಟೇ ಆಪ್ಷನ್ ಕೊಂಡು ಬೇಲಿ ಹಾಕಿದಳು. ಪೇಟೆ ಎತ್ತ ಹಾರಿದರೂ ಪೆಟ್ಟು ಬೇಲಿಯ ತನಕ ಮಾತ್ರ.

ಆಗಲೇ ಗೊರಕೆ ನಿಂತಿತು.

ಹೆದರುತ್ತಲೇ ಬಾಗಿಲು ತೆರೆದಳು. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಕೈಯಲ್ಲಿದ್ದ ಫೋನಿನಲ್ಲಿ ಅದೇ ಖಾತೆ ತೆರೆದಿತ್ತು.

"ಅತ್ತೆ... ಮಲಗಿರಲಿಲ್ವಾ?"

"ವಾರದಿಂದ ಕಣ್ಣು ಮುಚ್ಚಿಲ್ಲ ಕಣೇ. ಮನೆಯವರು ಗಾಬರಿ ಆಗ್ಬಾರ್ದು ಅಂತ ಸುಮ್ನೆ ಗೊರಕೆ ಹೊಡೀತಿದ್ದೆ."

"ಬೆಲೆ ಏರ್ತಿರೋದು ಗೊತ್ತಿದ್ದೂ ಯಾಕೆ ಬದಲಾಯಿಸಲಿಲ್ಲ?"

"ಇದೊಂದು ಬಿಟ್ರೆ ನಂಗೆ ಬೇರೇನು ಬರುತ್ತೆ?" ಅತ್ತೆಯ ದನಿ ನಡುಗಿತು. ಮರುಕ್ಷಣವೇ ಫೋನನ್ನು ಸೊಸೆಯತ್ತ ತಿರುಗಿಸಿದರು. "ಆ ಬೇಲಿ ಯಾಕೆ ಹಾಕ್ದೆ? ಬಿಡಿಸಿ ಹೇಳು."

ಸೊಸೆ ಹೇಳಿದಳು. ಅತ್ತೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಕೊನೆಗೆ ದಿಂಬು ಸರಿಮಾಡಿಕೊಂಡು ಮಗ್ಗುಲಾದರು. "ಹೋಗು, ಕುರ್ಚಿ ಖಾಲಿ ಬಿಡ್ಬೇಡ."

ಸೊಸೆ ಪರದೆಯ ಮುಂದೆ ಕೂತು ಕಿವಿಗೊಟ್ಟಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಈ ಸಲ ಅದು ಬಹಳ ಮೆಲ್ಲಗಿತ್ತು.